ನಟ್ಟೆಲ್ಲ ಬಿಚ್ಚಿದರೂ ಚಕ್ರ ಬರಲಿಲ್ಲ, ಜಗ್ಗಿದರೆ ಕಾರೇ ವಾಲಿತು

ಪ್ರಶ್ನೆ

ಕಾರು ಓಡಿಸಲು ಶುರುಮಾಡಿ ಎರಡು ವರ್ಷ ಆಯಿತು. ಮೊನ್ನೆ ಸಂಜೆ ಒಬ್ಬಳೇ ಬರುವಾಗ ಮುಂದಿನ ಎಡಗಡೆ ಟೈರ್ ಪಂಚರ್ ಆಯಿತು. ಬದಿಗೆ ನಿಲ್ಲಿಸಿ, ಗೇರು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು ಜಾಕ್ ಏರಿಸಿದೆ. ಆಮೇಲೆ ನಟ್ಟು ಬಿಚ್ಚಲು ಹೋದರೆ ಸ್ಪ್ಯಾನರ್ ಜೊತೆ ಚಕ್ರವೂ ತಿರುಗುತ್ತಿತ್ತು. ಇಳಿಸಿ, ಹೇಗೋ ಸಡಿಲ ಮಾಡಿ, ಮತ್ತೆ ಏರಿಸಿದೆ. ನಾಲ್ಕೂ ನಟ್ಟು ಕೈಗೆ ಬಂದವು, ಚಕ್ರ ಮಾತ್ರ ಹಬ್ಬಿಗೆ (ಚಕ್ರ ಕೂರುವ ನಡುವಿನ ಲೋಹದ ಭಾಗಕ್ಕೆ) ಅಂಟಿಕೊಂಡು ಕೂತಿತ್ತು. ಎರಡೂ ಕೈಯಲ್ಲಿ ಹಿಡಿದು ಜಗ್ಗಿದಾಗ ಕಾರು ಜಾಕ್ ಮೇಲೆ ವಾಲಿತು. ಹೆದರಿ ಹಿಂದೆ ಸರಿದೆ. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಬಂದು ಎರಡೇ ನಿಮಿಷದಲ್ಲಿ ಚಕ್ರ ಬಿಡಿಸಿದರು, ಆದರೆ ಏನು ಮಾಡಿದರೆಂದು ಆ ನಡುಕದಲ್ಲಿ ನೋಡಲೇ ಇಲ್ಲ. ಮುಂದಿನ ಸಲ ನಾನೇ ಬಿಡಿಸಬೇಕು. ಹೇಗೆ?

ಉತ್ತರ 1

ಹಿಂದೆ ಸರಿದಿರಲ್ಲ, ಅದೇ ಸರಿ. ನನ್ನ ಕಾರು ಒಮ್ಮೆ ಜಾಕ್‌ನಿಂದ ಬಿದ್ದಿದೆ. ಮಳೆಗೆ ನೆನೆದ ಮಣ್ಣಿನ ಮೇಲೆ ಜಾಕ್ ಇಟ್ಟಿದ್ದೆ. ಚಕ್ರ ಕಳಚಿ ಪಕ್ಕಕ್ಕಿಟ್ಟು ಸ್ಟೆಪ್ನಿ ತರಲು ಡಿಕ್ಕಿಯ ಕಡೆ ಹೋದೆ, ಅಷ್ಟರಲ್ಲಿ ಜಾಕಿನ ಬುಡ ಒಂದು ಬದಿಗೆ ಹೂತು ಬ್ರೇಕ್ ಡಿಸ್ಕ್ ನೆಲಕ್ಕೆ ಬಡಿಯಿತು. ಅರ್ಧ ನಿಮಿಷದ ಮೊದಲು ನನ್ನ ಕೈ ಅಲ್ಲೇ ಇತ್ತು. ಅಂದಿನಿಂದ ಡಿಕ್ಕಿಯಲ್ಲಿ ಒಂದು ದಪ್ಪ ಹಲಗೆ ತುಂಡು ಇಟ್ಟಿದ್ದೇನೆ, ಜಾಕಿನ ಅಡಿಗೆ ಹಾಕಲು. ಏರಿಸಿದ ಕೂಡಲೇ ಸ್ಟೆಪ್ನಿಯನ್ನು ಬಾಗಿಲ ಕೆಳಗಿನ ಅಂಚಿನಡಿ ಮಲಗಿಸುತ್ತೇನೆ. ಕಾರು ಜಾರಿದರೂ ಅದರ ಮೇಲೆ ಕೂರುತ್ತದೆ. ಹಳೇ ಚಕ್ರ ಬಿಚ್ಚಿದ ಮೇಲೆ ಅದನ್ನು ಅಲ್ಲಿಗೆ ತಳ್ಳಿ ಸ್ಟೆಪ್ನಿಯನ್ನು ಹೊರಗೆಳೆಯುತ್ತೇನೆ.

ಈಗ ಅಂಟಿದ ಚಕ್ರದ ವಿಚಾರ. ಹಬ್ಬಿಗೂ ಚಕ್ರದ ನಡುವಿನ ತೂತಿಗೂ ಮಧ್ಯೆ ತುಕ್ಕು ಕಟ್ಟಿರುತ್ತದೆ, ಬೇರೇನೂ ಅಲ್ಲ. ಜಗ್ಗಬೇಡಿ. ನಾಲ್ಕೂ ನಟ್ಟನ್ನು ವಾಪಸ್ ಹಾಕಿ ಕೈಯಲ್ಲಿ ಕೊನೆವರೆಗೆ ತಿರುಗಿಸಿ, ಆಮೇಲೆ ಒಂದೊಂದು ಸುತ್ತು ಸಡಿಲಿಸಿ. ಜಾಕ್ ನಿಧಾನವಾಗಿ ಇಳಿಸಿ. ಟೈರ್ ಮೇಲೆ ಭಾರ ಬೀಳುತ್ತಲೇ ಹೆಚ್ಚಿನ ಸಲ 'ಟಕ್' ಅಂತ ಸದ್ದಾಗಿ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಹಾಗೇ ನಿಂತು ಟೈರಿನ ಪಕ್ಕಕ್ಕೆ ಹಿಮ್ಮಡಿಯಿಂದ ಒದೆಯಿರಿ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ನಟ್ಟು ಇರುವುದರಿಂದ ಚಕ್ರ ಕಳಚಿ ಬೀಳದು, ಕಾರೂ ಜಾಕಿನ ಮೇಲಿಲ್ಲ. ಬಿಟ್ಟ ಮೇಲೆ ಏರಿಸಿ. ಆ ದಾರಿಹೋಕರು ಇದನ್ನೇ ಮಾಡಿರಬೇಕು.

ಚಕ್ರ ತಿರುಗಿದ್ದಕ್ಕೆ ಕಾರಣ ನ್ಯೂಟ್ರಲ್. ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುತ್ತದೆ. ಮೊದಲನೇ ಗೇರಿನಲ್ಲಿಡಿ, ಎದುರು ಮೂಲೆಯ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ನಟ್ಟನ್ನು ಚಕ್ರ ನೆಲದಲ್ಲಿದ್ದಾಗಲೇ ಅರ್ಧ ಸುತ್ತು ಸಡಿಲಿಸಿಕೊಳ್ಳಿ. ಹಿಂದಿನ ಚಕ್ರ ಬದಲಿಸುವಾಗ ಕಲ್ಲು ಇನ್ನೂ ಮುಖ್ಯ, ಯಾಕೆಂದರೆ ಆಗ ಹ್ಯಾಂಡ್‌ಬ್ರೇಕಿನ ಹಿಡಿತ ನೆಲದಲ್ಲಿ ಉಳಿದಿರುವುದು ಒಂದೇ ಚಕ್ರಕ್ಕೆ.

ಉತ್ತರ 2

ಸ್ಟೆಪ್ನಿ ಹಾಕುವಾಗ ನಟ್ಟಿನ ಇಳಿಜಾರು ಬದಿ ಚಕ್ರದ ಕಡೆಗೆ ಇರಲಿ. ಮೊದಲು ಕೈಯಲ್ಲೇ ಬಿಗಿಮಾಡಿ, ಕೆಳಗಿಳಿಸಿದ ಮೇಲೆ ಎದುರುಬದುರು ಒಂದೊಂದಾಗಿ ಪೂರ್ತಿ ಬಿಗಿಯಿರಿ. ಸ್ಪ್ಯಾನರ್ ಮೇಲೆ ಹತ್ತಿ ಕುಣಿಯಬೇಡಿ. ಸಣ್ಣ ಕಾರುಗಳಿಗೆ ಸುಮಾರು 100 ನ್ಯೂಟನ್ ಮೀಟರ್ ಬಿಗಿತ ಸಾಕಾಗುತ್ತದೆ, ಅಂದರೆ ನಟ್ಟಿನ ನಡುವಿನಿಂದ 25 ಸೆಂಟಿಮೀಟರ್ ದೂರದಲ್ಲಿ ಸ್ಪ್ಯಾನರ್ ಮೇಲೆ 40 ಕಿಲೋ ಭಾರ. ನಿಮ್ಮ ಕಾರಿನ ನಿಖರ ಅಂಕಿ ಕೈಪಿಡಿಯಲ್ಲಿರುತ್ತದೆ. 50 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ನೋಡಿ. ಸ್ಟೆಪ್ನಿ ತೆಳ್ಳನೆಯ ತಾತ್ಕಾಲಿಕ ಮಾದರಿಯದಾದರೆ ಅದಕ್ಕೆ ಸಾಮಾನ್ಯವಾಗಿ 60 ಪಿಎಸ್ಐ ಗಾಳಿ ಬೇಕು, ವೇಗ 80 ದಾಟಬಾರದು. ಗಾಳಿ ಇಲ್ಲದ ಸ್ಟೆಪ್ನಿಯ ಜೊತೆ ರಸ್ತೆಯಲ್ಲಿ ನಿಂತವರನ್ನು ಕಂಡಿದ್ದೇನೆ, ತುಂಬಾ ಸಂಕಟವಾಗುತ್ತದೆ.

ಪ್ರಶ್ನೆ ಕೇಳಿದವರು

ಇವತ್ತು ಮನೆಯಂಗಳದಲ್ಲಿ ಮಾಡಿ ನೋಡಿದೆ. ಹಿಂದಿನ ಬಲಗಡೆ ಚಕ್ರವೂ ಅಂಟಿತ್ತು! ನಟ್ಟು ಸಡಿಲಿಸಿಟ್ಟು ಇಳಿಸಿದೆ, ಏನೂ ಆಗಲಿಲ್ಲ. ಮೂರನೇ ಒದೆತಕ್ಕೆ ಬಿಟ್ಟಿತು. ಸ್ಟೆಪ್ನಿಯಲ್ಲಿ ಗಾಳಿ ಅರ್ಧಕ್ಕಿಂತ ಕಡಿಮೆ ಇತ್ತು, ತುಂಬಿಸಿದೆ. ಇನ್ನೊಂದು ಕೇಳಬೇಕು: ಬೋಲ್ಟ್‌ಗಳಿಗೆ ಗ್ರೀಸ್ ಹಚ್ಚಲೇ?

ಉತ್ತರ 1

ಬೋಲ್ಟಿನ ಸುರುಳಿ ಗೆರೆಗಳಿಗೆ ಬೇಡ. ಗ್ರೀಸ್ ಇದ್ದರೆ ಅದೇ ಬಲಕ್ಕೆ ಬೋಲ್ಟು ಹೆಚ್ಚು ಎಳೆತಕ್ಕೆ ಸಿಕ್ಕಿ ಹಾಳಾಗುತ್ತದೆ. ಹಬ್ಬಿನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ನಡುವಿನ ಉಂಗುರದ ಅಂಚಿಗೆ ಮಾತ್ರ ತೀರಾ ತೆಳುವಾಗಿ ಸವರಿ. ಬ್ರೇಕ್ ಡಿಸ್ಕಿಗೆ ತಾಗದಂತೆ ನೋಡಿಕೊಳ್ಳಿ. ಉಳಿದ ಮೂರು ಚಕ್ರಗಳನ್ನೂ ಹೀಗೇ ಒಂದೊಂದಾಗಿ ಬಿಚ್ಚಿ ಉಜ್ಜಿಬಿಡಿ.