ಅಪ್‌ಡೇಟ್: ಗೂಗಲ್ ಕ್ಲಾಸ್‌ರೂಮ್‌ನಲ್ಲಿ ನೋಟ್ಸ್ ಈಗ ಮಕ್ಕಳ ಕೈಗೆ ಸಿಗುತ್ತಿದೆ

ನಮ್ಮ ದ್ವಿತೀಯ ಪಿಯು ಮಕ್ಕಳಿಗೆ ಫಿಸಿಕ್ಸ್ ನೋಟ್ಸ್, ಹಳೆ ಪ್ರಶ್ನೆಪತ್ರಿಕೆ ಯಾವುದೂ ಗೂಗಲ್ ಕ್ಲಾಸ್‌ರೂಮ್ ಆ್ಯಪ್‌ನಲ್ಲಿ (ನಾವು ನೋಟ್ಸ್ ಹಂಚುವುದು ಇದರಲ್ಲೇ) ಸಿಗುತ್ತಿಲ್ಲ, ಏನು ಮಾಡಲಿ ಎಂದು ಕಳೆದ ವಾರ ಕೇಳಿದ್ದೆ. ಈಗ ಸರಿಹೋಗಿದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕೆಲಸಕ್ಕೆ ಬಂದದ್ದು ‘ಸ್ಟ್ರೀಮ್‌ನಲ್ಲಿ ಹುಡುಕುವುದನ್ನು ಬಿಡಿಸಿ, ಕ್ಲಾಸ್‌ವರ್ಕ್ ತೋರಿಸಿ’ ಎಂದವರ ಸಲಹೆ. ಸ್ಟ್ರೀಮ್ ಅಂದರೆ ಕ್ಲಾಸ್ ತೆರೆದಾಗ ಮೊದಲು ಕಾಣುವ ಪುಟ; ಅಲ್ಲಿ ಹೊಸದು ಮೇಲೆ ಬರುತ್ತದೆ, ಹಳೆಯದು ಕೆಳಗೆ ಹೋಗುತ್ತಲೇ ಇರುತ್ತದೆ. ಮಕ್ಕಳು ಅಲ್ಲೇ ಹುಡುಕುತ್ತಿದ್ದರು. ಕ್ಲಾಸ್‌ವರ್ಕ್ ಅನ್ನುವ ಇನ್ನೊಂದು ಪುಟದಲ್ಲಿ ಎಲ್ಲವನ್ನೂ ವಿಂಗಡಿಸಿ ಇಡಬಹುದು; ಅಲ್ಲಿ ಪಾಠಕ್ಕೊಂದು ಟಾಪಿಕ್ (ಶೀರ್ಷಿಕೆ) ಮಾಡಿದೆ, ಈಗ ನಡೆಯುತ್ತಿರುವ ಪಾಠವನ್ನು ಎಳೆದು ಎಲ್ಲಕ್ಕಿಂತ ಮೇಲಿಟ್ಟೆ. ಫೈಲ್‌ಗಳಿಗೂ ‘03 ವಿದ್ಯುತ್ ಪ್ರವಾಹ ನೋಟ್ಸ್’ ಅನ್ನುವ ಹಾಗೆ ಹೆಸರು ಕೊಟ್ಟೆ. ಸೆಟ್ಟಿಂಗ್ಸ್‌ಗೆ ಹೋಗಿ, ಕ್ಲಾಸ್‌ವರ್ಕ್‌ನ ನೋಟಿಫಿಕೇಶನ್ ಸ್ಟ್ರೀಮ್‌ನಲ್ಲಿ ಕಾಣದಂತೆ ಮಾಡಿದ ಮೇಲಂತೂ ಗೊಂದಲ ಪೂರ್ತಿ ನಿಂತಿತು.

ವಾಟ್ಸಾಪ್ ಗ್ರೂಪ್‌ಗೆ ಪಿಡಿಎಫ್ ಹಾಕುವ ಉಪಾಯ ನಡೆಯಲಿಲ್ಲ. ಗುಡ್ ಮಾರ್ನಿಂಗ್ ಮೆಸೇಜ್‌ಗಳ ನಡುವೆ ಅದೂ ಕಳೆದುಹೋಯಿತು.

ನಾನು ಊಹಿಸಿಯೇ ಇರದ ವಿಷಯ ಇನ್ನೊಂದಿದೆ. ಕೆಲವರಿಗೆ ಕ್ಲಾಸೇ ಕಾಣುತ್ತಿರಲಿಲ್ಲ. ಫೋನ್ ಅಪ್ಪನದೋ ಅಮ್ಮನದೋ ಆಗಿರುತ್ತದೆ ಅಲ್ವಾ, ಆ್ಯಪ್ ತೆರೆಯುತ್ತಿದ್ದದ್ದು ಅವರ ಜಿಮೇಲ್‌ನಲ್ಲಿ! ಪ್ರೊಫೈಲ್ ಚಿತ್ರ ಒತ್ತಿ, ಕಾಲೇಜು ಕೊಟ್ಟ ಅಕೌಂಟ್‌ಗೆ ಬದಲಾಯಿಸಿದ್ದೇ ತಡ, ಎಲ್ಲ ಬಂತು. ಈ ಮಕ್ಕಳು ಇಷ್ಟು ದಿನ ಕೇಳಲು ಹಿಂಜರಿದು ಸುಮ್ನೆ ಇದ್ದರು ಅನ್ನುವುದು ನನಗೆ ಜಾಸ್ತಿ ಬೇಜಾರು ತಂದಿತು. ನಿಮ್ಮ ಕ್ಲಾಸ್‌ನಲ್ಲೂ ಯಾರಾದರೂ ‘ಸಿಗ್ತಿಲ್ಲ ಸರ್’ ಅಂದರೆ ಮೊದಲು ಯಾವ ಅಕೌಂಟ್ ತೆರೆದಿದೆ ನೋಡಿ.