ಪ್ರಕಾಶಕರ ಹೆಸರಿಲ್ಲದ 1894ರ ಕಟಲ್ಲಸ್: ಅಸಲಿಯಾ?

ಹಂಪನಕಟ್ಟೆ:
ಮಂಗಳೂರಿನ ಹಳೆ ಪುಸ್ತಕದಂಗಡಿಯೊಂದರಲ್ಲಿ ರೋಮನ್ ಕವಿ ಕಟಲ್ಲಸ್‌ನ ಇಂಗ್ಲಿಷ್ ಅನುವಾದ ಉಂಟು. ಪದ್ಯ ರಿಚರ್ಡ್ ಬರ್ಟನ್‌ದು, ಗದ್ಯ ಲಿಯೊನಾರ್ಡ್ ಸ್ಮಿದರ್ಸ್‌ದು. ಶೀರ್ಷಿಕೆ ಪುಟದಲ್ಲಿ ಲಂಡನ್ ಅಂತ ಇದೆ, ಪ್ರಕಾಶಕರ ಹೆಸರಿಲ್ಲ. ಅನುವಾದಕರಿಗಾಗಿ ಮುದ್ರಿಸಿದ್ದು, ಖಾಸಗಿ ಚಂದಾದಾರರಿಗೆ ಮಾತ್ರ ಅಂತಷ್ಟೇ. ಕೆಲವು ಪದ್ಯಗಳಲ್ಲಿ ನಡುನಡುವೆ ಶಬ್ದಗಳೇ ಇಲ್ಲ. ನಕಲಿಯಾ? ತಕೊಳ್ಳುವ ಮೊದಲು ಏನು ನೋಡಬೇಕು?

ಹಳೆಪುಟ:
ಹೆಸರಿಲ್ಲದ್ದು ಕುಂದಲ್ಲ ಮಾರಾಯ್ರೇ, ಅದೇ ಗುರುತು. ಕಟಲ್ಲಸ್‌ನ ಕೆಲವು ಪದ್ಯ ಬಲು ಪೋಲಿ. 1857ರ ಅಶ್ಲೀಲ ಪ್ರಕಟಣೆ ಕಾಯ್ದೆಯ ಪ್ರಕಾರ ಇಂಗ್ಲೆಂಡಿನ ಮ್ಯಾಜಿಸ್ಟ್ರೇಟರು ಪುಸ್ತಕದ ದಾಸ್ತಾನನ್ನೇ ಜಪ್ತಿಮಾಡಿಸಿ ನಾಶಮಾಡಿಸಬಹುದಿತ್ತು. ಹಾಗಾಗಿ ಮೊದಲೇ ಹೆಸರು ಬರೆಸಿದವರಿಗೆ ಮಾತ್ರ ಕೊಡುವ ಕ್ರಮ. ಬರ್ಟನ್ ಬಳಗದ 1883ರ ಕಾಮಸೂತ್ರದ ಇಂಗ್ಲಿಷ್ ಅನುವಾದಕ್ಕೆ ಹಾಕಿದ ಊರು 'ಕಾಸ್ಮೊಪೊಲಿ', ಅಂಥ ಊರೇ ಇಲ್ಲ. ಸ್ಮಿದರ್ಸ್ ಗುಟ್ಟಿನ ಕಾಮಸಾಹಿತ್ಯದ ವ್ಯಾಪಾರದಲ್ಲಿ ಪಳಗಿದವ. ಆಸ್ಕರ್ ವೈಲ್ಡ್ ಜೈಲಿನಿಂದ ಬಿಡುಗಡೆಯಾದ ಮೇಲೆ, 1898ರಲ್ಲಿ, ಅವನ ರೆಡಿಂಗ್ ಜೈಲಿನ ಲಾವಣಿಯನ್ನು ಪ್ರಕಟಿಸುವ ಧೈರ್ಯ ಮಾಡಿದವನೂ ಇವನೇ.

ಬಿಟ್ಟ ಶಬ್ದಗಳ ಕಾರಣ ಬೇರೆ. ಬರ್ಟನ್ 1890ರಲ್ಲಿ ತೀರಿಕೊಂಡ. ಹೆಂಡತಿ ಇಸಬೆಲ್ ಸ್ಮಿದರ್ಸ್‌ಗೆ ಕೊಟ್ಟದ್ದು ಮೂಲ ಹಸ್ತಪ್ರತಿಯಲ್ಲ, ಅದರಿಂದ ಮಾಡಿಸಿದ ಪ್ರತಿ; ಪೋಲಿ ಶಬ್ದಗಳಿಗೆ ಕತ್ತರಿ ಬಿದ್ದದ್ದು ಅಲ್ಲೇ ಅನ್ನುತ್ತಾರೆ. ಅದರ ತುಂಬ ತಪ್ಪು ಅಂತ ಸ್ಮಿದರ್ಸ್ ಮುನ್ನುಡಿಯಲ್ಲೇ ದೂರಿದ್ದಾನೆ. 16ನೇ ಪದ್ಯ ತೆರೆದು ನೋಡಿ: ಬರ್ಟನ್‌ನ ಮೊದಲ ಸಾಲಲ್ಲೇ ಎರಡು ಕಡೆ ಶಬ್ದ ಹಾರಿದೆ. ಕೆಳಗೆ ಸ್ಮಿದರ್ಸ್‌ನ ಗದ್ಯದಲ್ಲಿ ಲ್ಯಾಟಿನ್ ಮೂಲದ ಆ ಎರಡೂ ಪೋಲಿ ಕ್ರಿಯಾಪದ ಇಡಿಯಾಗಿ ಉಂಟು. ಒಂದೇ ಪುಟದಲ್ಲಿ ಕತ್ತರಿಯೂ ಕತ್ತರಿಸಿದ್ದೂ ಎರಡೂ ಕಾಣುವುದರಿಂದಲೇ ಈ ಪುಸ್ತಕಕ್ಕೆ ಇಷ್ಟು ತೂಕ ಅನ್ನುವುದು ನನ್ನ ಅಭಿಪ್ರಾಯ.

ಅಚ್ಚುಮೊಳೆ:
ಇಸವಿ ರೋಮನ್ ಅಂಕಿಯಲ್ಲಿ ಇರಬೇಕು, ಕೊನೆಗೆ ನಾಲ್ಕು ಗೀಟು ಸಾಲಾಗಿ. ಆದರೆ ಸ್ಕ್ಯಾನ್ ಮಾಡಿದ ಮರುಮುದ್ರಣದಲ್ಲೂ ಅದು ಹಾಗೇ ಬರ್ತದೆ, ಅದೊಂದನ್ನೇ ನಂಬಬೇಡಿ. ಮೊಬೈಲ್ ಟಾರ್ಚನ್ನು ಹಾಳೆಗೆ ಓರೆಯಾಗಿ ಹಿಡಿಯಿರಿ. ಮೊಳೆ ಅಚ್ಚಿನದ್ದಾದರೆ ಅಕ್ಷರ ಒತ್ತಿದ ತಗ್ಗು ಕಾಣ್ತದೆ, ಹಾಳೆಯ ಹಿಂಬದಿ ಸವರಿದರೆ ಬೆರಳಿಗೆ ಸಣ್ಣ ಉಬ್ಬು ಸಿಗ್ತದೆ. 10 ಪಟ್ಟಿನ ಭೂತಗನ್ನಡಿಯಲ್ಲಿ ಮೊಳೆಯ ಅಕ್ಷರದ ಅಂಚಿಗೆ ಶಾಯಿ ಒತ್ತರಿಸಿ ಕಪ್ಪಾಗಿರ್ತದೆ. ಸ್ಕ್ಯಾನಿನದ್ದಾದರೆ ಅಂಚು ಬರೇ ಚುಕ್ಕಿ. ಬೆನ್ನಿನಲ್ಲಿ ಹೊಲಿಗೆ ಇಲ್ಲದೆ ಗೋಂದು ಮಾತ್ರ ಇದ್ದರೆ ಸಂಶಯಪಡಿ. ಪುಟಗಳನ್ನೂ ಒಂದೊಂದಾಗಿ ಎಣಿಸಿ, ಇಂಥ ಪುಸ್ತಕಗಳಲ್ಲಿ ಯಾರೋ ಹರಿದಿಟ್ಟುಕೊಂಡದ್ದು ಉಂಟು.

ಮಲ್ಪೆ ಬೈಂಡರ್:
ತಕೊಂಡರೆ ನೇರ ಕಪಾಟಿಗೆ ಇಡಬೇಡಿ, ಉಳಿದ ಪುಸ್ತಕಕ್ಕೂ ಹುಳ ಹತ್ತುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ 2 ವಾರ ಇಡಿ. ಹೊರಗೆ ತೆಗೆದ ಕೂಡಲೇ ಬಿಚ್ಚಬೇಡಿ, ಇಡೀ ಒಂದು ದಿನ ಚೀಲದಲ್ಲೇ ಇರಲಿ. ಕರಾವಳಿಯ ಗಾಳಿ ತಣ್ಣಗಿನ ಹಾಳೆಗೆ ತಗಲಿದರೆ ನೀರು ಹನಿಗಟ್ಟಿ ಕಲೆ ಕೂರ್ತದೆ. ಬೂಸ್ಟು ಕಂಡರೆ ಬಿಸಿಲಿಗೆ ಹಾಕದೆ ಗಾಳಿಯಾಡುವ ಒಣ ಜಾಗದಲ್ಲಿ ಒಣಗಿಸಿ, ಆಮೇಲೆ ಮೆದು ಬ್ರಶ್ಶಿನಲ್ಲಿ ಮನೆಯ ಹೊರಗೆ ಝಾಡಿಸಿ.