ಪದಚರ್ಚೆ: ಸ್ನೇರ್ ಡ್ರಮ್ಮಿನ ತಂತಿ ಕಟ್ಟಲು ಹುರಿಯೋ, ಲಾಡಿಯೋ, ಪಟ್ಟಿಯೋ?

ಎಲ್ಲರಿಗೂ ನಮಸ್ಕಾರ.

ಶಾಲಾ ಬ್ಯಾಂಡುಗಳ ವಾದ್ಯ ರಿಪೇರಿ ಮಾಡುವವರಿಗೆಂದು ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಸೈಡ್ ಡ್ರಮ್ಮಿನ, ಅಂದರೆ ಸ್ನೇರ್ ಡ್ರಮ್ಮಿನ, ಅಧ್ಯಾಯದಲ್ಲಿ ಕೆಲವು ಪದಗಳು ತೀರ್ಮಾನವಾಗದೆ ಉಳಿದಿವೆ. ತಪ್ಪು ಪದ ಹಾಕಿದರೆ ಓದಿದವರು ಅಂಗಡಿಗೆ ಹೋಗಿ ತಪ್ಪು ಸಾಮಾನು ತರುತ್ತಾರೆ. ಆದ್ದರಿಂದ ವಿಷಯವನ್ನು ತುಸು ವಿವರವಾಗಿಯೇ ಇಡುತ್ತೇನೆ.

ವಾದ್ಯ ನೋಡದವರಿಗಾಗಿ ಮೊದಲು ಎರಡು ಮಾತು. 14 ಇಂಚಿನ ಸ್ನೇರ್ ಡ್ರಮ್ಮಿನಲ್ಲಿ ಕೋಲಿನಿಂದ ಬಾರಿಸುವುದು ಮೇಲಿನ ಹಾಳೆಯನ್ನು. ಕೆಳಗಿನ ಹಾಳೆ ಬಹಳ ತೆಳು, ಸಾಮಾನ್ಯವಾಗಿ 0.075 ಮಿಲಿಮೀಟರಿನ ಪಾಲಿಯೆಸ್ಟರ್. ಅದಕ್ಕೆ ತಾಗಿಕೊಂಡು ಉಕ್ಕಿನ ಸುರುಳಿ ತಂತಿಗಳು ಅಡ್ಡ ಹಾಯುತ್ತವೆ. 20 ಎಳೆಯದೇ ಹೆಚ್ಚು ಬಳಕೆಯಲ್ಲಿರುವುದು. ಎಳೆಗಳ ಎರಡೂ ತುದಿಗಳನ್ನು ಒಂದೊಂದು ಪುಟ್ಟ ತಗಡಿಗೆ ಬೆಸೆದಿರುತ್ತಾರೆ. ಒಂದು ತಗಡನ್ನು ಡ್ರಮ್ಮಿನ ಪಕ್ಕದಲ್ಲಿರುವ ಬಿಗಿಮಾಡುವ ಚಿಲಕಕ್ಕೂ ಇನ್ನೊಂದನ್ನು ಎದುರು ಬದಿಯ ಅಲುಗಾಡದ ಹಿಡಿಕೆಗೂ ಕಟ್ಟಬೇಕು. ಚಿಲಕ ಹಾಕಿದರೆ ತಂತಿ ಹಾಳೆಗೆ ಅಂಟಿ 'ಚರ್ರ್' ಎನ್ನುತ್ತದೆ, ಇಳಿಸಿದರೆ ಬರೀ 'ಧಮ್'. ಹೀಗೆ ಕಟ್ಟುವ ಸಾಮಗ್ರಿ ಯಾವುದಿರಬೇಕು ಎಂಬುದೇ ನನ್ನ ಅಧ್ಯಾಯದ ಮುಖ್ಯ ಭಾಗ.

ಮೊದಲ ಪ್ರಶ್ನೆ ಸ್ನೇರ್ ಎಂಬ ಪದದ್ದೇ. ಇಂಗ್ಲಿಷ್–ಕನ್ನಡ ನಿಘಂಟು ತೆರೆದರೆ ಎದುರಾಗುವುದು ಉರುಲು, ಬಲೆ, ಬೋನು. ಡ್ರಮ್ಮಿಗೆ ಇವು ಸಲ್ಲವು. ವಾದ್ಯದ ಅರ್ಥದಲ್ಲಿ ಈ ಪದ ಡಚ್ ಭಾಷೆಯ 'ಸ್ನಾರ್'ನಿಂದ ಬಂದಿರಬೇಕೆಂದು ಇಂಗ್ಲಿಷ್ ನಿಘಂಟುಗಳು ಹೇಳುತ್ತವೆ. ಸ್ನಾರ್ ಎಂದರೆ ವಾದ್ಯದ ತಂತಿ. ಹಾಗಾಗಿ ನಮ್ಮ 'ತಂತಿ' ನೇರವಾಗಿ ಹೊಂದುತ್ತದೆ. ಬ್ಯಾಂಡಿನ ಹುಡುಗರು 'ಸ್ಪ್ರಿಂಗ್' ಎಂದೂ ಹೇಳುತ್ತಾರೆ, ಸುರುಳಿಯಾಗಿರುವುದರಿಂದ ಅದೂ ಸರಿಯೇ. ತಂಬೂರಿಯಲ್ಲಿ ತಂತಿಗೂ ಅದನ್ನು ಹೊರುವ ಕುದುರೆಗೂ ನಡುವೆ ಇಡುವ ದಾರದ ಹೆಸರನ್ನು ಎರವಲು ಪಡೆದು 'ಜೀವಾಳಿ ತಂತಿ' ಎನ್ನಬಾರದೇಕೆ ಎಂದು ಗೆಳೆಯರೊಬ್ಬರು ಕೇಳಿದರು. ನಾದಕ್ಕೆ ಝೇಂಕಾರ ಕೊಡುವ ಕೆಲಸ ಎರಡರದೂ ಒಂದೇ, ನಿಜ. ಆದರೆ ತಂಬೂರಿ ಬಲ್ಲವರಿಗೆ ಜೀವಾಳಿ ಎಂದರೆ ಹತ್ತಿ ಅಥವಾ ರೇಷ್ಮೆಯ ಎಳೆ. ಉಕ್ಕಿನ ಸುರುಳಿಗೆ ಆ ಹೆಸರಿಟ್ಟರೆ, ದಾರದ ಚರ್ಚೆ ನಡೆಯುವ ಇದೇ ಅಧ್ಯಾಯದಲ್ಲಿ ಗೊಂದಲ ಖಂಡಿತ. ನಾನು 'ಸ್ನೇರ್ ತಂತಿ' ಎಂದೇ ಉಳಿಸಿಕೊಂಡಿದ್ದೇನೆ.

ನಿಜವಾದ ತೊಡಕು ಕಟ್ಟುವ ಸಾಮಗ್ರಿಯ ಹೆಸರುಗಳಲ್ಲಿದೆ. ಇಂಗ್ಲಿಷ್ ಕೈಪಿಡಿಗಳು ಕಾರ್ಡ್, ಸ್ಟ್ರ್ಯಾಪ್ ಎಂಬ ಎರಡೇ ಪದಗಳಲ್ಲಿ ಮುಗಿಸುತ್ತವೆ. ಕನ್ನಡದಲ್ಲಿ ನೂಲು, ದಾರ, ಹುರಿ, ಸುತಳಿ, ಲಾಡಿ, ಪಟ್ಟಿ, ಬಾರು ಎಲ್ಲ ಇವೆ, ಒಂದೊಂದಕ್ಕೂ ಅದರದೇ ಆಕಾರ ಮತ್ತು ವಸ್ತು. ಈ ಸಂಪತ್ತನ್ನು ಬಳಸಿಕೊಳ್ಳಬೇಕೆಂಬುದು ನನ್ನ ಆಸೆ. ಎಲ್ಲವನ್ನೂ 'ದಾರ' ಎಂದುಬಿಟ್ಟರೆ ಸೂಚನೆಯೇ ಸತ್ತುಹೋಗುತ್ತದೆ.

ಏಕೆಂದರೆ ಗುಂಡಗಿರುವುದಕ್ಕೂ ಚಪ್ಪಟೆಯಾಗಿರುವುದಕ್ಕೂ ಇಲ್ಲಿ ಬಹಳ ವ್ಯತ್ಯಾಸ. ತಂತಿ ಹಾಯುವ ಜಾಗದಲ್ಲಿ ಡ್ರಮ್ಮಿನ ಕೆಳ ಅಂಚನ್ನು ಸ್ವಲ್ಪ ತಗ್ಗಾಗಿ ಕೆತ್ತಿರುತ್ತಾರೆ. ತಗ್ಗು ಸಾಲದಾದರೆ ಅಂಚಿನ ಮೇಲೆ ಹಾಯುವ ಗುಂಡನೆಯ ಹುರಿ ತನ್ನ ದಪ್ಪದಷ್ಟು ತಗಡನ್ನು ಹಾಳೆಯಿಂದ ದೂರ ಎತ್ತುತ್ತದೆ. ಆಗ ತಂತಿಯ ತುದಿಗಳು ಹಾಳೆಗೆ ತಾಗುವುದಿಲ್ಲ. ಮೆಲ್ಲಗೆ ಬಾರಿಸಿದಾಗ ತಂತಿ ಮಾತಾಡುವುದೇ ಇಲ್ಲ. ಅದನ್ನು ಸರಿಪಡಿಸಲು ಇನ್ನಷ್ಟು ಬಿಗಿದರೆ ಇಡೀ ಡ್ರಮ್ಮಿನ ದನಿ ಕಟ್ಟಿಹೋಗುತ್ತದೆ. ಚಪ್ಪಟೆ ಪಟ್ಟಿಯಾದರೆ ಅಂಚಿಗೆ ಒರಗಿ ಮಲಗುತ್ತದೆ, ತಗಡನ್ನು ಉದ್ದಕ್ಕೂ ಒಂದೇ ಸಮ ಎಳೆಯುತ್ತದೆ. ಆದರೆ ಹುರಿಗೂ ಒಂದು ಅನುಕೂಲವಿದೆ. ತಗಡಿನ ಎಡದ ರಂಧ್ರಕ್ಕೆ ಪೋಣಿಸಿದ ಹುರಿ ಸಡಿಲಾದರೆ ಅದೊಂದನ್ನೇ ಎಳೆದು ತಗಡನ್ನು ನೇರ ಮಾಡಬಹುದು. ಪಟ್ಟಿಯನ್ನು ಓರೆಯಾಗಿ ಸಿಕ್ಕಿಸಿದರೆ ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕು.

ಆದ್ದರಿಂದ ನನ್ನ ವಿಂಗಡಣೆ ಹೀಗಿದೆ: ಗುಂಡನೆಯದು ಹುರಿ, ಬಟ್ಟೆಯ ಚಪ್ಪಟೆ ನೇಯ್ಗೆ ಲಾಡಿ, ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿದ್ದು ಪಟ್ಟಿ. 'ಬಾರು' ಎಂದರೆ ತೊಗಲು ಎಂದೇ ಎಲ್ಲರಿಗೂ ಹೊಳೆಯುವುದರಿಂದ ಅದನ್ನು ಬಿಟ್ಟಿದ್ದೇನೆ. ಪಟ್ಟಿಗೆ ಹೊಸ ಸಾಮಾನು ಕೊಳ್ಳಬೇಕಾಗಿಲ್ಲ. ಹರಿದುಹೋದ ಹಳೆಯ ಡ್ರಮ್ ಹಾಳೆಯಿಂದ ಸುಮಾರು 12 ಮಿಲಿಮೀಟರ್ ಅಗಲಕ್ಕೆ ಕತ್ತರಿಸಿಕೊಂಡರೆ ಒಳ್ಳೆಯ ಪಟ್ಟಿ ಸಿಗುತ್ತದೆ. ಅಂಚು ಹರಿತವಿದ್ದರೆ ಮೂಲೆ ದುಂಡಗೆ ಮಾಡಿಕೊಳ್ಳಬೇಕು. ಲಾಡಿ ಮೃದು, ತಾನಾಗಿ ಸದ್ದು ಮಾಡುವುದಿಲ್ಲ. ಪೈಜಾಮದ ಹತ್ತಿ ಲಾಡಿ ಮಾತ್ರ ಬೇಡ, ಅದು ಜಗ್ಗುತ್ತದೆ, ಉಜ್ಜಿ ಸವೆಯುತ್ತದೆ. ಪಾಲಿಯೆಸ್ಟರಿನ ಒತ್ತು ನೇಯ್ಗೆಯದು ಬೇಕು. ಬರಿಯ ಲೋಹದ ತಂತಿಯಿಂದ ಕಟ್ಟುವ ಅಭ್ಯಾಸವನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಅದು ತೆಳು ಹಾಳೆಯನ್ನು ಅಂಚಿನಲ್ಲೇ ಕೊಯ್ಯುತ್ತದೆ, ಜೊತೆಗೆ ಗಿಲಗಿಲ ಸದ್ದು.

'ಹುರಿ'ಯ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಮುಖ್ಯವಾಗಿ ಬೇಕು. ಹುರಿ ಎಂದರೆ ಹೊಸೆದದ್ದು, ತಿರುವಿದ್ದು. ನಮಗೆ ಬೇಕಾದದ್ದು ಹೊಸೆದದ್ದಲ್ಲ, ಹೆಣೆದದ್ದು. ಹೊಸೆದ ಹುರಿಯನ್ನು ಬಿಗಿದಾಗ ಅದು ತನ್ನ ತಿರುವನ್ನು ಬಿಚ್ಚಿಕೊಳ್ಳಲು ನೋಡುತ್ತದೆ, ಅದರಿಂದ ಉದ್ದವೂ ಬದಲಾಗುತ್ತದೆ, ಬಿಗಿಯೂ ಬದಲಾಗುತ್ತದೆ. ಹೆಣೆದದ್ದರಲ್ಲಿ ಎಡಕ್ಕೆ ಹೋಗುವ ಎಳೆಗಳೂ ಬಲಕ್ಕೆ ಹೋಗುವ ಎಳೆಗಳೂ ಒಂದನ್ನೊಂದು ತಡೆಯುವುದರಿಂದ ಆ ಕಾಟವಿಲ್ಲ. 'ಹುರಿ ತನ್ನಿ' ಎಂದು ಬರೆದರೆ ಯಾರಾದರೂ ಸುತಳಿ ತಂದಾರು. 'ಜಡೆಹುರಿ' ಎಂದು ಬರೆಯೋಣವೇ? ಕೇಳಿದೊಡನೆ ಅರ್ಥವಾಗುತ್ತದೆ ಎಂದು ನನಗನ್ನಿಸುತ್ತದೆ. ಆದರೆ ಹೊಸೆದದ್ದಕ್ಕೂ ಜಡೆಗೂ ಒಂದರೊಳಗೊಂದು ವಿರೋಧವಿದೆ ಎಂದು ವ್ಯಾಕರಣ ಬಲ್ಲವರು ಆಕ್ಷೇಪಿಸಬಹುದು. 'ಹೆಣೆದಾರ' ಎಂಬುದೂ ಮನಸ್ಸಿಗೆ ಬಂತು, ಕಿವಿಗೆ ಅಷ್ಟು ಹಿಡಿಸಲಿಲ್ಲ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಪ್ರಶ್ನೆ. ಇಂಗ್ಲಿಷಿನಲ್ಲಿ 'ಸ್ಟ್ರೆಚ್' ಎಂಬ ಒಂದೇ ಪದ ಮೂರು ಬೇರೆ ದೋಷಗಳನ್ನು ಹೊರುತ್ತದೆ. ನೈಲಾನ್ ಗಾಳಿಯ ತೇವ ಹೀರಿ ಉದ್ದವಾಗುತ್ತದೆ, ಮಳೆಗಾಲದಲ್ಲಿ ತಂತಿ ಸಡಿಲಾಗಲು ಅದೊಂದು ಕಾರಣ. ಅದೇ ನೈಲಾನ್ ಎಳೆದಾಗ ರಬ್ಬರಿನಂತೆ ತುಸು ಉದ್ದವಾಗಿ ಬಿಟ್ಟಾಗ ಮರಳುತ್ತದೆ. ಡೈನೀಮಾದಂಥ ಪಾಲಿಎಥಿಲೀನ್ ಹುರಿ ಎಳೆದರೆ ಅಲುಗುವುದಿಲ್ಲ, ನೀರನ್ನೂ ಹೀರುವುದಿಲ್ಲ, ಆದರೆ ದಿನಗಟ್ಟಲೆ ಬಿಗಿಯಲ್ಲಿಟ್ಟರೆ ಮೆಲ್ಲಗೆ ಉದ್ದವಾಗುತ್ತಾ ಹೋಗಿ ಹಿಂದಿರುಗುವುದಿಲ್ಲ. ಜಾರುವ ಗುಣದಿಂದ ಅದರ ಗಂಟೂ ನಿಲ್ಲುವುದು ಕಷ್ಟ. ಮೊದಲನೆಯದಕ್ಕೆ 'ಹಿಗ್ಗು', ಎರಡನೆಯದಕ್ಕೆ 'ಜಗ್ಗು', ಮೂರನೆಯದಕ್ಕೆ 'ಜೋಲು' ಎಂದು ಬೇರೆಮಾಡಿದ್ದೇನೆ. ಮೂರನೆಯದರ ಬಗ್ಗೆ ನನಗೆ ತೃಪ್ತಿಯಿಲ್ಲ, ಡ್ರಮ್ಮಿನಲ್ಲಿ ಯಾವುದೂ ಕಣ್ಣಿಗೆ ಕಾಣುವಂತೆ ಜೋತುಬೀಳುವುದಿಲ್ಲ.

ಸಾಮಗ್ರಿಯ ಆಯ್ಕೆಯಲ್ಲಿ ನನ್ನ ಒಲವು ಪಾಲಿಯೆಸ್ಟರಿನ ಕಡೆ, ಹುರಿಯಾಗಲಿ ಪಟ್ಟಿಯಾಗಲಿ. ತೇವ ಹೀರುವುದು ತೀರಾ ಕಡಿಮೆ, ಗಂಟು ನಿಲ್ಲುತ್ತದೆ, ಹುರಿಯ ತುದಿಯನ್ನು ಬೆಂಕಿಕಡ್ಡಿಗೆ ಹಿಡಿದರೆ ಕರಗಿ ಮುದ್ದೆಯಾಗಿ ಎಳೆ ಬಿಚ್ಚಿಕೊಳ್ಳುವುದಿಲ್ಲ. ಕೆವ್ಲಾರ್ ಇನ್ನೂ ಗಟ್ಟಿ, ಆದರೆ ಬೆಂಕಿಗೆ ಕರಗುವುದಿಲ್ಲ. ತಗಡಿನ ಅಂಚಿನಲ್ಲಿ ಮಡಚಿ ಉಜ್ಜುವ ಕಡೆ ಅದರ ಎಳೆ ಒಂದೊಂದಾಗಿ ತುಂಡಾಗುತ್ತದೆ.

ಹಳೆಯ ಡ್ರಮ್ಮುಗಳ ಬಗ್ಗೆ ಒಂದು ಮಾತು ಸೇರಿಸಬೇಕು. 1957ರ ಹೊತ್ತಿಗೆ ಪ್ಲಾಸ್ಟಿಕ್ ಹಾಳೆ ಮಾರುಕಟ್ಟೆಗೆ ಬರುವ ತನಕ ಡ್ರಮ್ಮಿಗೆ ಕರುವಿನ ಚರ್ಮವೇ ಹೆಚ್ಚು. ಮಿಲಿಟರಿ ಡ್ರಮ್ಮುಗಳಲ್ಲಿ ಸ್ನೇರ್ ಕೂಡ ಪ್ರಾಣಿಯ ಕರುಳಿನಿಂದ ಹೊಸೆದದ್ದು. ಅಲ್ಲಿ ಆ ಎಳೆಗಳೇ ನೇರವಾಗಿ ಬಿಗಿಮಾಡುವ ಸಾಧನದವರೆಗೆ ಹೋಗುತ್ತಿದ್ದವು, ನಡುವೆ ಕಟ್ಟುವ ಹುರಿ ಎಂಬ ಪ್ರತ್ಯೇಕ ವಸ್ತುವೇ ಇರಲಿಲ್ಲ. ಇವನ್ನು 'ಕರುಳಹುರಿ' ಎಂದಿದ್ದೇನೆ. ಇಲ್ಲಿ 'ಹುರಿ' ಅಕ್ಷರಶಃ ಸರಿ.

ಬಿಗಿಮಾಡುವ ಸಾಧನಕ್ಕೆ ಇಂಗ್ಲಿಷಿನಲ್ಲಿ 'ಸ್ಟ್ರೇನರ್'. ಜರಡಿ, ಸೋಸುವಿಕೆಯ ಅರ್ಥ ಇಲ್ಲಿ ಬರಕೂಡದು. ಅದರ ಮೇಲೆ–ಕೆಳಗೆ ಹಾಕುವ ಹಿಡಿಗೆ 'ಚಿಲಕ', ಸೂಕ್ಷ್ಮವಾಗಿ ಬಿಗಿಯುವ ಸ್ಕ್ರೂಗೆ 'ಬಿಗಿತಿರುಪು' ಎಂದಿದ್ದೇನೆ. ವೀಣೆಯ 'ಬಿರಡೆ' ಸೊಗಸಾದ ಪದ, ಆದರೆ ಬಿರಡೆ ಎಂದರೆ ಮರದ ಕೀಲು ಕಣ್ಣಮುಂದೆ ಬರುತ್ತದೆ.

ಕರಾವಳಿ ಮತ್ತು ಮಲೆನಾಡಿನ ಸದಸ್ಯರಲ್ಲಿ ವಿಶೇಷ ವಿನಂತಿ. ಮದ್ದಳೆಯ ಕಳಸಿಗೆಗೆ ಮುಚ್ಚಿಗೆ ಕಟ್ಟುವವರು, ಚಂಡೆಯ ಹಗ್ಗ ಬಿಗಿಯುವವರು ನಿಮ್ಮ ಸುತ್ತ ಇದ್ದರೆ ದಯವಿಟ್ಟು ಎರಡು ವಿಷಯ ಕೇಳಿ ತಿಳಿಸಿ: ಹೆಣೆದ ಹಗ್ಗಕ್ಕೂ ಹೊಸೆದ ಹಗ್ಗಕ್ಕೂ ಅವರಲ್ಲಿ ಬೇರೆ ಬೇರೆ ಹೆಸರಿದೆಯೇ? ಬಿಗಿದಿಟ್ಟ ಬಾರು ಕೆಲವು ದಿನಗಳಲ್ಲಿ ತಾನಾಗಿ ಉದ್ದವಾದರೆ ಅದಕ್ಕೆ ಏನನ್ನುತ್ತಾರೆ? ಆ ಪದ ಸಿಕ್ಕರೆ 'ಜೋಲು' ತೆಗೆದು ಅದನ್ನೇ ಹಾಕುತ್ತೇನೆ. ಉತ್ತರ ಕರ್ನಾಟಕದ ಡೊಳ್ಳಿನವರ ಮಾತು ಗೊತ್ತಿರುವವರೂ ಬರೆಯಿರಿ, ಪದದ ಜೊತೆ ಊರಿನ ಹೆಸರನ್ನೂ ಸೇರಿಸಿ.